ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳಿಸದಾಗಿದೆ, ಜೊತೆಗೆ ಚಕ್ಕರ್ ಇದೆ: ಕಾಯಬಹುದೇ?

ಕಾಗಿಣಾ ತೀರ (ಶಹಾಬಾದ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರ ಕಿವಿಯ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವರಿಗೆ ಐವತ್ತೈದರ ಆಸುಪಾಸು ವಯಸ್ಸು. ಹರೆಯದಿಂದಲೂ ಶಹಾಬಾದ ಕಲ್ಲಿನ ಕಟಿಂಗ್ ಮತ್ತು ಪಾಲಿಶ್ ಮಷಿನ್‌ಗಳ ಮೇಲೆಯೇ ದುಡಿದವರು. ಕೆಲವು ವರ್ಷಗಳಿಂದ ಅವರ ಎರಡೂ ಕಿವಿಗಳು ಸ್ವಲ್ಪ ಮಂದವಾಗಿವೆ. ಟಿ.ವಿ. ಧ್ವನಿ ಹೆಚ್ಚಿಸಿಕೊಳ್ಳುತ್ತಾರೆ, ಮದುವೆಮನೆಯ ಗದ್ದಲದಲ್ಲಿ ಎದುರಿಗಿದ್ದವರ ಮಾತು ತಿಳಿಯದಿದ್ದರೂ ತಲೆಯಾಡಿಸುತ್ತಾರೆ. ಮನೆಯವರೆಲ್ಲ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದೇವೆ.

ಆದರೆ ಕಳೆದ ರವಿವಾರ ಮುಂಜಾನೆ ಎದ್ದವರೇ ಎಡಗಿವಿ ಪೂರ್ತಿ ಮುಚ್ಚಿಕೊಂಡಂತಾಗಿದೆ ಎಂದರು. ಫೋನನ್ನು ಎಡಗಿವಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ. ಬಲಗಿವಿಗೆ ಹಿಡಿದರೆ ಎಂದಿನಷ್ಟು ಕೇಳಿಸುತ್ತದೆ. ಎಡಗಿವಿಯೊಳಗೆ ಹಗಲೂ ರಾತ್ರಿ ಸುಂಯ್ ಎಂಬ ಸದ್ದು ನಿಂತಿಲ್ಲ. ಮೊದಲ ದಿನ ಚಕ್ಕರ್ ಬಂದು ಗೋಡೆ ಹಿಡಿದು ನಡೆಯಬೇಕಾಯಿತು, ವಾಂತಿಯೂ ಆಯಿತು. ಇಂದು ಗುರುವಾರ, ಚಕ್ಕರ್ ಬಹಳಷ್ಟು ಇಳಿದಿದೆ, ಕಿವಿ ಮಾತ್ರ ಹಾಗೆಯೇ ಇದೆ.

ಔಷಧ ಅಂಗಡಿಯವರು ಇದು ಬಿಸಿಲಿನ ಪ್ರಭಾವವೆಂದು ಚಕ್ಕರ್ ಗುಳಿಗೆಯನ್ನೂ ಕಿವಿಗೆ ಹಾಕುವ ಹನಿಯನ್ನೂ ಕೊಟ್ಟರು. ನಮ್ಮ ತಂದೆಯವರು ಗುಗ್ಗೆ ತುಂಬಿದೆ ಎನ್ನುತ್ತಾರೆ. ಅಜ್ಜಿಯವರು ಬಳ್ಳೊಳ್ಳಿ ಹಾಕಿ ಕಾಯಿಸಿದ ಕುಸುಬೆ ಎಣ್ಣೆಯನ್ನು ಬಿಡಲು ಸಿದ್ಧರಾಗಿ ಕುಳಿತಿದ್ದಾರೆ. ಕಾಕಾ ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ಆಸ್ಪತ್ರೆಗೆ ಹೋದರೆ ಸ್ಟಿರಾಯ್ಡ್ ಕೊಡುತ್ತಾರೆ, ಅದರ ಹತ್ತಿರ ಹೋಗಬಾರದು ಎಂದು ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ಮುಂದಿನ ವಾರ ಮನೆಯಲ್ಲಿ ಮದುವೆ ಇದೆ, ಅದು ಮುಗಿದ ಮೇಲೆ ಕಲಬುರಗಿಗೆ ತೋರಿಸಿದರಾಯಿತು ಎಂಬುದು ಕಾಕಾ ಅವರ ನಿಲುವು. ಇದು ಮಷಿನ್ ಸದ್ದಿನಿಂದ ಬಂದ ಹಳೆಯ ಮಂದತನದ ಮುಂದುವರಿಕೆಯೇ, ಅಥವಾ ಬೇರೆಯದೇ? ಅಷ್ಟು ದಿನ ಕಾಯಬಹುದೇ?

ಶ್ರವಣ ಪರೀಕ್ಷಕಿ (ಕಲಬುರಗಿ) – ಉತ್ತರ

ಕಾಯಬಾರದು. ನಾಳೆ ಮುಂಜಾನೆಯೇ ಕಿವಿ, ಮೂಗು, ಗಂಟಲು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಾಧ್ಯವಾದರೆ ಅದೇ ದಿನ ಆಡಿಯೋಮೆಟ್ರಿ (ಶ್ರವಣ ಪರೀಕ್ಷೆ) ಆಗುವ ಕಡೆಗೆ ಹೋಗಿರಿ. ನಾನು ವೈದ್ಯಳಲ್ಲ, ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ಆದರೆ ಇಂತಹವರು ತಿಂಗಳು ಕಳೆದ ಮೇಲೆ ಬರುವುದನ್ನು ನೋಡಿ ನೋಡಿ ಬೇಸತ್ತಿರುವುದರಿಂದ ಸ್ವಲ್ಪ ಬಿರುಸಾಗಿಯೇ ಬರೆಯುತ್ತಿದ್ದೇನೆ.

ನೀವು ಹೇಳುತ್ತಿರುವ ಲಕ್ಷಣಗಳು ಹಠಾತ್ ನರ ಕಿವುಡಿಗೆ ಹೊಂದುತ್ತವೆ. 72 ಗಂಟೆಗಳೊಳಗೆ, ಆಡಿಯೋಗ್ರಾಂನಲ್ಲಿ (ಆ ಪರೀಕ್ಷೆಯ ನಕ್ಷೆಯಲ್ಲಿ) ಒಂದಕ್ಕೊಂದು ಹತ್ತಿದ ಮೂರು ಆವರ್ತನಗಳಲ್ಲಾದರೂ (ಸದ್ದಿನ ಏರಿಳಿತದ ಮಟ್ಟಗಳಲ್ಲಾದರೂ) 30 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಶ್ರವಣ ಇಳಿದರೆ ಹಾಗೆ ಕರೆಯುತ್ತಾರೆ. ವೈರಸ್ ಸೋಂಕು, ಒಳಗಿವಿಗೆ ಹೋಗುವ ಸಣ್ಣ ರಕ್ತನಾಳದಲ್ಲಿ ತಡೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳುವುದು, ಇವೆಲ್ಲ ಶಂಕಿತ ಕಾರಣಗಳು; ಹೆಚ್ಚಿನವರಲ್ಲಿ ನಿಖರವಾದ ಕಾರಣ ಸಿಗುವುದೇ ಇಲ್ಲ. ಕೇಳುವ ಶಂಖಾಕಾರದ ನಾಳವೂ ಸಮತೋಲನ ಕಾಯುವ ಮೂರು ಅರ್ಧವೃತ್ತ ನಾಳಗಳೂ ಒಳಗಿವಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಪೆಟ್ಟು ಎರಡಕ್ಕೂ ಬಿದ್ದಾಗ ಕಿವುಡಿನ ಜೊತೆಗೆ ಚಕ್ಕರ್ ಬರುತ್ತದೆ. ಚಕ್ಕರ್ ಇಳಿದದ್ದನ್ನು ಕಂಡು ರೋಗವೇ ಇಳಿಯಿತೆಂದು ತಿಳಿಯಬೇಡಿ. ಮಿದುಳು ಇನ್ನೊಂದು ಕಿವಿ, ಕಣ್ಣು ಮತ್ತು ಕಾಲುಗಳ ಸುಳಿವನ್ನು ಆಧರಿಸಿ ಸಮತೋಲನವನ್ನು ಸರಿದೂಗಿಸಿಕೊಳ್ಳುತ್ತದೆ. ಶ್ರವಣಕ್ಕೆ ಅಂತಹ ಬದಲಿ ದಾರಿಯಿಲ್ಲ.

ಗುಗ್ಗೆಯೇ ಇರಬಹುದೆಂಬ ನಿಮ್ಮ ತಂದೆಯವರ ಊಹೆಯನ್ನು ಪರೀಕ್ಷಿಸಲು ಮನೆಯಲ್ಲಿಯೇ ಒಂದು ಉಪಾಯವಿದೆ. ಕಾಕಾ ಅವರಿಗೆ ಬಾಯಿ ಮುಚ್ಚಿಕೊಂಡು ‘ಮ್‌ಮ್’ ಎಂದು ಗುನುಗಲು ಹೇಳಿರಿ. ಗುಗ್ಗೆ ಅಥವಾ ನಡುಗಿವಿಯ ತೊಂದರೆಯಾಗಿದ್ದರೆ ಸದ್ದು ಕೆಟ್ಟ ಕಿವಿಯ ಕಡೆಗೆ ಜೋರಾಗಿ ಕೇಳಿಸುತ್ತದೆ. ಒಳಗಿವಿ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಒಳ್ಳೆಯ ಕಿವಿಯ ಕಡೆಗೆ ಕೇಳಿಸುತ್ತದೆ. ವೈದ್ಯರು ಶ್ರುತಿಕವೆಯನ್ನು ಹಣೆಗೆ ಒತ್ತಿ ನೋಡುವುದೂ ಇದನ್ನೇ. ಇದು ಆಡಿಯೋಗ್ರಾಂಗೆ ಬದಲಿಯಲ್ಲ, ಕಾಕಾ ಅವರನ್ನು ಹೊರಡಿಸಲು ಒಂದು ನೆಪ ಅಷ್ಟೆ.

ಎಣ್ಣೆಯನ್ನು ದಯವಿಟ್ಟು ಹಾಕಬೇಡಿ. ಕಿವಿಯ ತಮಟೆ ಸರಿಯಿದ್ದರೆ ಅದು ಒಳಗಿವಿಯನ್ನು ತಲುಪುವುದೇ ಇಲ್ಲ, ತಮಟೆ ತೂತಾಗಿದ್ದರೆ ನಡುಗಿವಿಗೆ ಸೋಂಕು ತರುತ್ತದೆ.

ಸ್ಟಿರಾಯ್ಡ್ ಬಗ್ಗೆ: ಈ ತೊಂದರೆಗೆ ಮೊದಲು ಕೊಡುವ ಔಷಧ ಅದೇ. ಸಾಮಾನ್ಯವಾಗಿ 10ರಿಂದ 14 ದಿನ ಗುಳಿಗೆ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಮತ್ತು ಕಿವಿ ಕೆಟ್ಟ ಎರಡು ವಾರಗಳೊಳಗೆ ಆರಂಭಿಸಿದರೆ ಪ್ರಯೋಜನದ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಅದು ಸಕ್ಕರೆಯನ್ನು ಏರಿಸುವುದು ನಿಜ, ಆದ್ದರಿಂದ ಫಿಜಿಷಿಯನ್ ಅವರ ನಿಗಾದಲ್ಲಿ ಸಕ್ಕರೆಯನ್ನು ಪದೇಪದೇ ನೋಡುತ್ತ, ಬೇಕಾದರೆ ಕೆಲವು ದಿನ ಇನ್ಸುಲಿನ್ ಹೊಂದಿಸುತ್ತ ಕೊಡುತ್ತಾರೆ. ಅದೂ ಆಗದು ಎನ್ನುವವರಿಗೆ ಸೂಕ್ಷ್ಮ ಸೂಜಿಯಿಂದ ಕಿವಿಯ ತಮಟೆಯ ಮೂಲಕ ನಡುಗಿವಿಗೆ ಸ್ಟಿರಾಯ್ಡ್ ಬಿಡುವ ವಿಧಾನವಿದೆ. ಔಷಧ ಅಲ್ಲಿಂದ ಒಳಗಿವಿಗೆ ಇಳಿಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಗುಳಿಗೆಯಿಂದ ಫಲ ಸಿಗದವರಿಗೂ ಇದನ್ನೇ ಮಾಡುತ್ತಾರೆ. ಚಿಕಿತ್ಸೆಯಿಂದ ಎಲ್ಲರ ಕಿವಿಯೂ ಮರಳುತ್ತದೆಂದು ನಾನು ಹೇಳಲಾರೆ. ಜೊತೆಗೆ ಚಕ್ಕರ್ ಇದ್ದವರಲ್ಲಿ ಮತ್ತು ಆರಂಭದಲ್ಲಿಯೇ ಶ್ರವಣ ತೀವ್ರವಾಗಿ ಕುಸಿದವರಲ್ಲಿ ಚೇತರಿಕೆ ಕಡಿಮೆ. ತಡಮಾಡಬಾರದೆನ್ನಲು ಇದೂ ಒಂದು ಕಾರಣ.

ಇನ್ನೊಂದು ಮಾತು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ಶಕ್ತಿ ಕುಂದುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದನ್ನು ಪಾರ್ಶ್ವವಾಯುವೆಂದೇ ಭಾವಿಸಿ, ರಾತ್ರಿಯಾದರೂ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಒಳಗಿವಿಗೂ ಕಿರುಮಿದುಳಿಗೂ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗಲೂ ಕಿವುಡು ಮತ್ತು ಚಕ್ಕರ್ ಒಟ್ಟಿಗೆ ಬರುತ್ತವೆ.

ವಾಡಿ ಜಂಕ್ಷನ್ – ಉತ್ತರ

ಮೇಡಂ ಅವರು ಹೇಳಿದ ಮೇಲೆ ತುರ್ತಿನ ಬಗ್ಗೆ ನಾನು ಹೇಳುವುದೇನೂ ಉಳಿದಿಲ್ಲ. ಸಿಮೆಂಟ್ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿದ್ದು ನಿವೃತ್ತನಾದವನಾದ್ದರಿಂದ ಸದ್ದಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಮಷಿನ್ ಸದ್ದಿನಿಂದ ಬರುವ ಕಿವುಡು ಒಂದು ಮುಂಜಾನೆ ಎದ್ದಾಗ ಬರುವುದಿಲ್ಲ. ಅದು ವರ್ಷಗಟ್ಟಲೆ ನಿಧಾನವಾಗಿ, ಬಹುಮಟ್ಟಿಗೆ ಎರಡೂ ಕಿವಿಗಳಲ್ಲಿ ಸಮನಾಗಿ ಬರುತ್ತದೆ. ಆಡಿಯೋಗ್ರಾಂನಲ್ಲಿ ಮೊದಲು 4000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬೀಳುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಸದ್ದು ಎತ್ತರದ ಆವರ್ತನಗಳಲ್ಲಿಯೇ ಇರುವುದರಿಂದ, ಯಾರೋ ಮಾತನಾಡುತ್ತಿರುವುದು ಕೇಳಿಸುತ್ತದೆ, ಏನು ಎಂಬುದು ಮಾತ್ರ ತಿಳಿಯುವುದಿಲ್ಲ. ಮದುವೆಮನೆಯಲ್ಲಿ ನಿಮ್ಮ ಕಾಕಾ ಅವರು ತಲೆಯಾಡಿಸುವುದು ಇದರಿಂದಲೇ ಇರಬಹುದು. ಪ್ರತಿ ಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಮಾತ್ರ ಇವೆ, ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದೆಂದು ಇಟ್ಟುಕೊಂಡು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿಯನ್ನು ಅರ್ಧಕ್ಕಿಳಿಸುವುದು ಎಚ್ಚರಿಕೆಯ ಲೆಕ್ಕ. ಆ ಪ್ರಕಾರ 100 ಡೆಸಿಬೆಲ್‌ಗೆ ಸಿಗುವುದು ಕಾಲು ಗಂಟೆ; ಕಲ್ಲು ಕೊಯ್ಯುವ ಬ್ಲೇಡಿನ ಬಳಿ ಅಷ್ಟು ಸದ್ದು ಅಪರೂಪವಲ್ಲ. ನಮ್ಮ ಭಾಗದಲ್ಲಿ ಕಿವಿಗೆ ಹತ್ತಿಯನ್ನೋ ಟವೆಲನ್ನೋ ಕಟ್ಟಿಕೊಂಡು ನಿಲ್ಲುವವರು ಬಹಳ. ಅದರಿಂದ ಧೂಳು ತಡೆಯಬಹುದು, ಸದ್ದು ತಡೆಯದು. ಸರಿಯಾಗಿ ಕೂಡುವ ಇಯರ್‌ಪ್ಲಗ್ ಅಥವಾ ಇಯರ್‌ಮಫ್ ಬೇಕು. ಸದ್ದಿನಿಂದಾದ ಶ್ರವಣನಷ್ಟವನ್ನು 1923ರ ನೌಕರರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿ ಔದ್ಯೋಗಿಕ ಕಾಯಿಲೆಯೆಂದು ಪಟ್ಟಿಮಾಡಿತ್ತು. ಹಾಜರಿ, ಪಗಾರದ ಚೀಟಿ ಏನಿದ್ದರೂ ಜೋಪಾನವಾಗಿಡಿ. ಕಾಕಾ ಅವರು ಇ.ಎಸ್.ಐ. ವಿಮಾ ಸದಸ್ಯರಾಗಿದ್ದರೆ ಕಲಬುರಗಿಯಲ್ಲಿ ಸೇಡಂ ರಸ್ತೆಯ ಇ.ಎಸ್.ಐ.ಸಿ. ಆಸ್ಪತ್ರೆ ಇದೆ, ಇಲ್ಲವಾದರೆ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ.

ಹುಮನಾಬಾದ ಮಾಸ್ತರ – ಉತ್ತರ

ತಮ್ಮಾ, ನನಗೂ ಒಂದೇ ಕಿವಿಯ ತೊಂದರೆ ಹಲವು ವರ್ಷಗಳಿಂದಿದೆ, ಹೆಸರು ಮಾತ್ರ ಬೇರೆ: ಮೆನಿಯರ್ ಕಾಯಿಲೆ. ಇಂತಹ ಚಕ್ಕರ್‌ನ ಮೂಲ ಮಿದುಳಲ್ಲ, ಒಳಗಿವಿ ಎಂದು ಫ್ರಾನ್ಸಿನ ವೈದ್ಯ ಮೆನಿಯರ್ 1861ರಲ್ಲಿ ಹೇಳಿದ್ದರಿಂದ ಆ ಹೆಸರು ಬಂದಿದೆ. ಒಳಗಿವಿಯ ದ್ರವದ ಪ್ರಮಾಣ ಹೆಚ್ಚಿ ಪೊರೆಗಳು ಉಬ್ಬುತ್ತವೆ. ಮೊದಲು ಕಿವಿ ತುಂಬಿದಂತಾಗುತ್ತದೆ, ಮೊರೆತ ಏರುತ್ತದೆ, ಆಮೇಲೆ ಕೋಣೆಯೇ ತಿರುಗಲಾರಂಭಿಸುತ್ತದೆ. 20 ನಿಮಿಷದಿಂದ 12 ಗಂಟೆಯವರೆಗೆ ಇರಬಹುದು. ಕೇಳುವಿಕೆ ಇಳಿಯುತ್ತದೆ, ಮರಳುತ್ತದೆ, ಮತ್ತೆ ಇಳಿಯುತ್ತದೆ. ಇಂತಹ ದಾಳಿ ಎರಡಾದರೂ ಆಗದೆ, ಆಡಿಯೋಗ್ರಾಂ ನೋಡದೆ ಈ ಹೆಸರನ್ನು ಯಾರೂ ಹಚ್ಚಬಾರದು. ಆದ್ದರಿಂದ ನಿಮ್ಮ ಕಾಕಾ ಅವರಿಗೂ ಇದೇ ಎಂದು ನಾನು ಹೇಳುತ್ತಿಲ್ಲ.

ನನಗೆ ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿಯೇ ಇಲ್ಲವಾದ್ದರಿಂದ ಅರ್ಧ ಕೆಲಸ ಸುಲಭವಾಯಿತು, ಶೇಂಗಾ ಚಟ್ನಿ ಮತ್ತು ಉಪ್ಪಿನಕಾಯಿಯನ್ನು ಬಿಡುವುದೇ ಕಷ್ಟವಾಯಿತು. ಈ ಕಾಯಿಲೆಯ ಚಕ್ಕರ್‌ಗೆಂದು ಬೀಟಾಹಿಸ್ಟಿನ್ ಗುಳಿಗೆಯನ್ನು ಬಹಳ ಜನ ನುಂಗುತ್ತಾರೆ. 2016ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಅದನ್ನು ತೆಗೆದುಕೊಂಡವರಿಗೂ ಔಷಧವಿಲ್ಲದ ಗುಳಿಗೆ ತೆಗೆದುಕೊಂಡವರಿಗೂ ದಾಳಿಗಳ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಹಿತವೆನಿಸುತ್ತದೆ, ವೈದ್ಯರೂ ನಿಲ್ಲಿಸಿಲ್ಲ, ಆದರೆ ಅದರ ಮೇಲೆ ಬಹಳ ಭರವಸೆ ಇಡಬೇಡಿ.

ಅಂಗಡಿಯ ಚಕ್ಕರ್ ಗುಳಿಗೆಯ ಬಗ್ಗೆ ಮಾತ್ರ ಎಚ್ಚರಿಸುತ್ತೇನೆ. ಎಲ್ಲ ಚಕ್ಕರ್ ಒಂದೇ ಅಲ್ಲ. ನಮ್ಮ ಮನೆಯವರಿಗೆ ಹಾಸಿಗೆಯಲ್ಲಿ ಹೊರಳಿದಾಗ ಒಂದು ನಿಮಿಷದೊಳಗಿನ ಚಕ್ಕರ್ ಬರುತ್ತಿತ್ತು, ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಒಳಗಿವಿಯ ಸುಣ್ಣದ ಹರಳುಗಳು ಜಾರಿ ಅರ್ಧವೃತ್ತ ನಾಳಕ್ಕೆ ಸೇರಿದ್ದೇ ಅದಕ್ಕೆ ಕಾರಣವಾಗಿತ್ತು. ವೈದ್ಯರು ಎಪ್ಲಿ ವಿಧಾನದಂತೆ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಮರಳಿಸಿದರು. ಗುಳಿಗೆಯ ಅಗತ್ಯವೇ ಬೀಳಲಿಲ್ಲ. ವಾಂತಿ, ಚಕ್ಕರ್ ತಡೆಯುವ ಗುಳಿಗೆಗಳನ್ನು ಮೊದಲ ಎರಡು ಮೂರು ದಿನ ಮೀರಿ ನುಂಗುತ್ತ ಹೋದರೆ, ಮೇಡಂ ಹೇಳಿದ ಆ ಸರಿದೂಗಿಸಿಕೊಳ್ಳುವ ಕೆಲಸವೇ ಮಿದುಳಿಗೆ ನಿಧಾನವಾಗುತ್ತದೆ.

ಕಾಗಿಣಾ ತೀರ (ಶಹಾಬಾದ)

ಎಲ್ಲರಿಗೂ ಧನ್ಯವಾದ. ಗುನುಗಿದಾಗ ಸದ್ದು ಬಲಗಿವಿಗೇ ಕೇಳಿಸಿದ್ದರಿಂದ ಕಾಕಾ ಅವರು ಹೆಚ್ಚು ವಾದಿಸಲಿಲ್ಲ. ಕಲಬುರಗಿಯಲ್ಲಿ ಶುಕ್ರವಾರವೇ ಆಡಿಯೋಮೆಟ್ರಿ ಆಯಿತು. ಬಲಗಿವಿಯಲ್ಲಿ 4000 ಹರ್ಟ್ಸ್ ಬಳಿ ಹಳೆಯ ತಗ್ಗು, ಎಡಗಿವಿಯಲ್ಲಿ ಎಲ್ಲ ಆವರ್ತನಗಳಲ್ಲಿಯೂ ತೀವ್ರ ಇಳಿತ ಕಂಡಿದೆ. ಗುಗ್ಗೆ ಇರಲೇ ಇಲ್ಲ. ಫಿಜಿಷಿಯನ್ ಅವರೊಂದಿಗೆ ಚರ್ಚಿಸಿ ಸ್ಟಿರಾಯ್ಡ್ ಗುಳಿಗೆ ಆರಂಭಿಸಿದ್ದಾರೆ, ಸಕ್ಕರೆಯನ್ನು ಮನೆಯಲ್ಲಿಯೇ ಹೊತ್ತುಹೊತ್ತಿಗೆ ನೋಡಿ ಬರೆದಿಡಲು ಹೇಳಿದ್ದಾರೆ. ಎಂ.ಆರ್.ಐ. ಕೂಡ ಬರೆದುಕೊಟ್ಟಿದ್ದಾರೆ. ಕಿವಿ ಈಗಾಗಲೇ ಕೆಟ್ಟಿರುವಾಗ ಅದು ಏಕೆ ಬೇಕು? ಶ್ರವಣ ಮರಳದಿದ್ದರೆ ಮುಂದಿನ ದಾರಿ ಯಾವುದು?

ಶ್ರವಣ ಪರೀಕ್ಷಕಿ (ಕಲಬುರಗಿ)

ಕೆಲವರಲ್ಲಿ ಶ್ರವಣ ಮತ್ತು ಸಮತೋಲನದ ನರದ ಮೇಲೆ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಯೊಂದು ಹೀಗೆ ಹಠಾತ್ತಾಗಿ ಮೊದಲ ಬಾರಿಗೆ ಗೊತ್ತಾಗುತ್ತದೆ. ಅದು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂ.ಆರ್.ಐ. ಬೇಕು, ಕಿವಿ ಗುಣವಾದರೂ ಅದನ್ನು ಕೈಬಿಡಬೇಡಿ.

ಗುಳಿಗೆ ಮುಗಿದಾಗ ಆಡಿಯೋಗ್ರಾಂ ಮತ್ತೆ ಆಗಬೇಕು, ಏಕೆಂದರೆ ನಡುಗಿವಿಗೆ ಸೂಜಿಮದ್ದು ಬೇಕೇ ಎಂಬುದನ್ನು ಅದರ ಮೇಲೆಯೇ ನಿರ್ಧರಿಸುತ್ತಾರೆ. ಆರು ತಿಂಗಳಾದರೂ ಎಡಗಿವಿ ಮರಳದೆ ಹೋದರೆ, ಉಳಿದಿರುವ ಶ್ರವಣವನ್ನು ನೋಡಿ ಸಾಮಾನ್ಯ ಕಿವಿ ಮಷಿನ್ ಅಥವಾ ಎಡಬದಿಯ ಸದ್ದನ್ನು ಹಿಡಿದು ಬಲಗಿವಿಗೆ ಕಳುಹಿಸುವ ಕ್ರಾಸ್ ಮಷಿನ್ ಹಚ್ಚಬಹುದು. ಆಯ್ದ ಕೆಲವರಿಗೆ ಒಳಗಿವಿಯಲ್ಲಿ ಶ್ರವಣ ಸಾಧನ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೂ ಇದೆ, ಅದು ದುಬಾರಿ. ಪ್ರಮಾಣಪತ್ರದ ಆಸೆಯನ್ನು ಮಾತ್ರ ಯಾರೂ ಹುಟ್ಟಿಸದಿರಲಿ: 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಶ್ರವಣದೋಷಕ್ಕೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬೆಲ್ ನಷ್ಟವಿರಬೇಕೆಂಬ ವ್ಯಾಖ್ಯೆ ಇದೆ.

ಮುಂದೆ ಯಾವ ಕಾಯಿಲೆಗೆ ಆಸ್ಪತ್ರೆಗೆ ಹೋದರೂ ಒಂದು ಕಿವಿ ಕೆಟ್ಟಿದೆ ಎಂದು ಮೊದಲೇ ತಿಳಿಸಿರಿ. ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ಮುಂತಾದ ಇಂಜೆಕ್ಷನ್‌ಗಳು ಒಳಗಿವಿಯ ರೋಮಕೋಶಗಳಿಗೆ ಹಾನಿ ಮಾಡಬಲ್ಲವು, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಬೇರೆ ಔಷಧ ಸಾಧ್ಯವಿದ್ದಾಗ ವೈದ್ಯರು ಅವನ್ನು ತಪ್ಪಿಸುತ್ತಾರೆ. ಪಾಲಿಶ್ ಮಷಿನ್‌ಗೆ ಮರಳುವ ಮೊದಲು ವಾಡಿಯ ಸರ್ ಹೇಳಿದ ಇಯರ್‌ಮಫ್ ಕೊಳ್ಳಿರಿ, ಮತ್ತು ಮದುವೆಯಲ್ಲಿ ಡಿಜೆ ಇದ್ದರೆ ಕಾಕಾ ಅವರನ್ನು ಸ್ಪೀಕರ್‌ನಿಂದ ದೂರದಲ್ಲಿ ಕೂಡಿಸಿರಿ.