ಬಟ್ಟೆ ಕಡ್ಡಾಯವಲ್ಲದ ಕಡಲತೀರದ ರೆಸಾರ್ಟ್: ಮೈಮೇಲೆ ತೊನ್ನು ಇರುವವರು ಹೋಗಿದ್ದೀರಾ?

ಕಾಫಿಹೂವು, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಎಂದು ಎರಡು ವಾರ ಯೋಚಿಸಿದೆ. ನನಗೆ 46 ವರ್ಷ, ನಮ್ಮ ಯಜಮಾನರಿಗೆ 51. ಸುಂಟಿಕೊಪ್ಪದ ಹತ್ತಿರ 12 ಎಕರೆ ತೋಟ, ಹೆಚ್ಚಿನದು ರೋಬಸ್ಟಾ ಕಾಫಿ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಮುಂದಿನ ವರ್ಷ ಏಪ್ರಿಲ್‌ಗೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತದೆ.

ಮಗಳು ಹುಟ್ಟಿದ ವರ್ಷ ನನಗೆ ತೊನ್ನು ಕಾಣಿಸಿಕೊಂಡಿತು. ಮೊದಲು ಮೊಣಕೈ ಮೇಲೆ ಹುಣಸೆಬೀಜದಷ್ಟು ಬಿಳಿ. ಈಗ ಎದೆ, ಹೊಟ್ಟೆ, ಬೆನ್ನು, ತೊಡೆ ಎಲ್ಲೆಡೆ ಹರಡಿದೆ. ಮುಖ ಮತ್ತು ಕೈಬೆರಳು ಮಾತ್ರ ಉಳಿದಿವೆ. ಕೊಡಗಿನ ಚಳಿ ನನ್ನನ್ನು ಕಾಪಾಡಿದೆ ಎಂದೇ ಹೇಳಬೇಕು. ವರ್ಷವಿಡೀ ಉದ್ದ ತೋಳಿನ ಸ್ವೆಟರ್ ಹಾಕಿದರೂ ಏಕೆಂದು ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಜಿಗಣೆಗೆ ಹೆದರಿ ಎಲ್ಲರೂ ಕಾಲಿನವರೆಗೆ ಮುಚ್ಚಿಕೊಂಡೇ ತೋಟಕ್ಕೆ ಇಳಿಯುತ್ತಾರೆ, ಆಗ ನಾನೂ ಎಲ್ಲರಂತೆಯೇ ಕಾಣುತ್ತೇನೆ.

ಮೂರು ವರ್ಷದ ಹಿಂದೆ ಕುಶಾಲನಗರದಲ್ಲಿ ಒಂದು ಮದುವೆ. ಮೇ ತಿಂಗಳ ಸೆಕೆ. ಊಟಕ್ಕೆ ಕುಳಿತಾಗ ತೋಳು ಮೇಲಕ್ಕೆ ಸರಿದಿತ್ತು, ನಾನು ಗಮನಿಸಿರಲಿಲ್ಲ. ಪಕ್ಕದ ಎಲೆಯಲ್ಲಿ ಐದು ವರ್ಷದ ಮಗು ಪಾಯಸ ನೆಕ್ಕುತ್ತಿತ್ತು. ಅದರ ತಾಯಿ ಬಂದು ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಎದುರು ಸಾಲಿನಲ್ಲಿ ಕೂರಿಸಿದರು. ಅರ್ಧ ತಿಂದ ಎಲೆ ನನ್ನ ಪಕ್ಕದಲ್ಲೇ ಉಳಿಯಿತು. ಆಮೇಲೆ ನಾನು ಯಾವ ಮದುವೆಯಲ್ಲಿಯೂ ಊಟಕ್ಕೆ ಕುಳಿತಿಲ್ಲ.

ಹೋದ ತಿಂಗಳು ಕಣದಲ್ಲಿ ಇಬ್ಬರೂ ಕಾಫಿ ಮಗುಚುತ್ತಿದ್ದಾಗ ನಮ್ಮವರು ಇದ್ದಕ್ಕಿದ್ದಂತೆ ಈ ರೆಸಾರ್ಟ್‌ಗಳ ವಿಷಯ ತೆಗೆದರು. ವಯಸ್ಕರಿಗೆ ಮಾತ್ರ ಪ್ರವೇಶ, ಬಟ್ಟೆ ಹಾಕುವುದೂ ಬಿಡುವುದೂ ಅವರವರ ಇಷ್ಟ. "ಈ ಕಾಫಿಗೆ ಸಿಗುವ ಬಿಸಿಲೂ ನಿನ್ನ ಬೆನ್ನಿಗೆ ಸಿಕ್ಕಿಲ್ಲ. ಒಂದು ವಾರ ಎಲ್ಲಿಯಾದರೂ ಹೋಗೋಣ" ಎಂದರು. ನಾನು ಉತ್ತರ ಕೊಡದೆ ಒಳಗೆ ಬಂದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಿಲ್ಲ.

ಹೋದವರು ದಯವಿಟ್ಟು ಹೇಳಿ. ಅಲ್ಲಿ ಜನ ದಿಟ್ಟಿಸಿ ನೋಡುತ್ತಾರೆಯೇ? ಬಿಳಿಯಾದ ಚರ್ಮಕ್ಕೆ ಆ ಬಿಸಿಲು ತಡೆಯುತ್ತದೆಯೇ? ಮರ್ಯಾದಸ್ಥ ಜಾಗ ಯಾವುದು ಎಂದು ಗುರುತಿಸುವುದು ಹೇಗೆ? ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎರಡೂ ಆದ ಮೇಲೆ, ಅಂದರೆ ಏಪ್ರಿಲ್‌ನಲ್ಲಿ ಮಾತ್ರ ನಾವು ತೋಟ ಬಿಡಬಹುದು.

ಕಿತ್ತಳೆಮರ, ಗೋಣಿಕೊಪ್ಪ:

ತಂಗಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನನಗೆ 58. ಮಗ ಟೆಕ್ಸಾಸ್‌ನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅವನ ಮನೆಗೆ ಹೋದಾಗ ನಾನೂ ನಮ್ಮ ಮನೆಯವರೂ ಅಲ್ಲಿಂದ ಮೆಕ್ಸಿಕೊಗೆ ಹೋಗಿ, ಕಾನ್‌ಕುನ್‌ನ ದಕ್ಷಿಣಕ್ಕಿರುವ ರಿವಿಯೆರಾ ಮಾಯಾ ತೀರದಲ್ಲಿ ಇಂಥದ್ದೇ ಒಂದು ರೆಸಾರ್ಟ್‌ನಲ್ಲಿ ಐದು ದಿನ ಇದ್ದೆವು. ಮಗನಿಗೆ ಬೀಚ್ ರೆಸಾರ್ಟ್ ಎಂದಷ್ಟೇ ಹೇಳಿದ್ದೆವು.

ನನ್ನ ಹೊಟ್ಟೆಯ ಮೇಲೆ ಎರಡು ಹೆರಿಗೆಯ ಶಸ್ತ್ರಚಿಕಿತ್ಸೆಯ ಗುರುತಿದೆ, ಜೊತೆಗೆ ವಯಸ್ಸಿನ ಜೋಲು. ಮೊದಲ ದಿನ ಈಜುಡುಗೆಯ ಮೇಲೆ ನಿಲುವಂಗಿ ಸುತ್ತಿಕೊಂಡು, ಓದದ ಪುಸ್ತಕವನ್ನು ಮುಖದ ಮುಂದೆ ಹಿಡಿದು ಕುಳಿತಿದ್ದೆ. ಯಾರೂ ಬಂದು ತೆಗೆಯಿರಿ ಎನ್ನಲಿಲ್ಲ. ಕೆಲಸದವರೆಲ್ಲ ಸಮವಸ್ತ್ರದಲ್ಲೇ ಇದ್ದರು. ಎರಡನೆಯ ದಿನ ಈಜುಕೊಳದ ಅಂಚಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಕುಳಿತಿದ್ದರು. ಅವರಿಗೆ ಎಡಗಡೆಯ ಸ್ತನ ಇರಲಿಲ್ಲ. ಆ ಜಾಗದಲ್ಲಿ ಅಡ್ಡಲಾಗಿ ಒಂದು ಗೆರೆ, ಹೊಲಿಗೆ ಹಾಕಿದ್ದ ಕಡೆಗಳಲ್ಲಿ ಸಣ್ಣ ಸಣ್ಣ ಚುಕ್ಕಿ. ಅವರ ಗಂಡ ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಡುತ್ತಿದ್ದರು. ನನ್ನ ಕಡೆಗೂ ಒಂದು ತೊಳೆ ಚಾಚಿದರು. ನಾನು ತಿಂದೆ. ಮೂರನೆಯ ದಿನ ಬೆಳಿಗ್ಗೆ, ಬಿಸಿಲೇರುವ ಮುನ್ನ, ನಿಲುವಂಗಿ ಕುರ್ಚಿಯ ಮೇಲಿಟ್ಟು ನೀರಿಗೆ ಇಳಿದೆ. ಬೆನ್ನಿಗೆ ನೇರವಾಗಿ ನೀರು ತಾಗುವುದು ಹೇಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಚಿಕ್ಕಂದಿನಲ್ಲಿ ತೋಡಿನಲ್ಲಿ ಆಡಿದ ಮೇಲೆ ಅದೇ ಮೊದಲು.

ಎಲ್ಲಿ ಕುಳಿತರೂ ಟವೆಲ್ ಹಾಸಿಕೊಂಡೇ ಕೂರಬೇಕು. ತೀರದಲ್ಲಿ ಮತ್ತು ಕೊಳದ ಬಳಿ ಕ್ಯಾಮೆರಾ, ಮೊಬೈಲ್ ತೆಗೆಯುವಂತಿಲ್ಲ. ಈ ಎರಡು ನಿಯಮ ಎಷ್ಟು ಕಟ್ಟುನಿಟ್ಟಾಗಿವೆ ಎಂದು ಮೊದಲೇ ಇಮೇಲ್ ಬರೆದು ಕೇಳಿ. ಅವರು ಬರೆಯುವ ಉತ್ತರದಲ್ಲೇ ಜಾಗದ ಸ್ವಭಾವ ಗೊತ್ತಾಗುತ್ತದೆ. ಈಜುಕೊಳದ ಬಳಿ ಬಟ್ಟೆ ಇರಬಹುದೇ ಎಂದೂ ಕೇಳಿ, ಏಕೆಂದರೆ ಕೆಲವು ಕಡೆ ಬೆತ್ತಲೆಯ ಭಾಗವನ್ನೇ ಪ್ರತ್ಯೇಕಿಸಿರುತ್ತಾರೆ, ಅಲ್ಲಿ ಬಟ್ಟೆ ತೆಗೆಯುವುದು ಕಡ್ಡಾಯ. ಜಮೈಕಾದ ನೆಗ್ರಿಲ್‌ನಲ್ಲಿರುವ ಹೆಡೋನಿಸಂ 2 ಹಾಗೆ ಎರಡು ಭಾಗವಾಗಿರುವ ರೆಸಾರ್ಟ್. ಅಲ್ಲಿ ರಾತ್ರಿ ಪಾರ್ಟಿಗಳ ಗದ್ದಲವೇ ಹೆಚ್ಚು. ನಿಮ್ಮ ಮನಸ್ಸಿಗೆ ಬೇಕಾದದ್ದು ಅದಲ್ಲ ಎಂದು ನನಗನಿಸುತ್ತದೆ.

ಏಪ್ರಿಲ್ ಒಳ್ಳೆಯ ತಿಂಗಳು. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ. ಸಾರ್ಗಾಸಮ್ ಎಂಬ ಕಂದು ಕಡಲಕಳೆ ಮಾತ್ರ ಕೆಲವು ದಿನ ದಡಕ್ಕೆ ಬಂದು ಬೀಳುತ್ತದೆ, ಕೊಳೆತರೆ ವಾಸನೆ. ಆ ದಿನ ಕೊಳದ ಬಳಿ ಕುಳಿತರಾಯಿತು. ನಿಮ್ಮ ಚರ್ಮದ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತೊನ್ನಿರುವ ಕಡೆ ಬಣ್ಣದ ರಕ್ಷಣೆ ಇಲ್ಲದ ಕಾರಣ ಬಹುಬೇಗ ಸುಡುತ್ತದೆ, ಅದೂ ಇಪ್ಪತ್ತು ವರ್ಷ ಬಿಸಿಲೇ ಕಾಣದ ಮೈ. ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೊಮ್ಮೆ ಹಚ್ಚಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೆರಳಿನಲ್ಲೇ ಇರಿ. ಹೊರಡುವ ಮುನ್ನ ಚರ್ಮದ ವೈದ್ಯರನ್ನು ಕಂಡು ಬನ್ನಿ.

ನಾಪೋಕ್ಲು ಹುಡುಗ, ಮ್ಯೂನಿಕ್:

ಅಕ್ಕ, ಯುರೋಪಿನ ಬಗ್ಗೆ ಒಂದು ಮಾತು. ಇಲ್ಲಿ ಇದು ಹಳೆಯ ರೂಢಿ. ನಮ್ಮ ಮ್ಯೂನಿಕ್‌ನ ಇಂಗ್ಲಿಷರ್ ಗಾರ್ಟನ್ ಉದ್ಯಾನದಲ್ಲೇ ಮಧ್ಯಾಹ್ನದ ಬಿಡುವಿನಲ್ಲಿ ಜನ ಬೆತ್ತಲೆ ಮಲಗಿ ಬಿಸಿಲು ಕಾಯಿಸುವ ಜಾಗವಿದೆ. ಕ್ರೊಯೇಷಿಯಾದ ವ್ರ್ಸಾರ್ ಊರಿನ ಬಳಿ 1961ರಲ್ಲಿ ಶುರುವಾದ ಕೊವರ್ಸಾಡಾ ಹೆಸರುವಾಸಿ. ಆದರೆ ಅಲ್ಲಿಗೆ ಮಕ್ಕಳು, ಅಜ್ಜ ಅಜ್ಜಿಯರ ಸಮೇತ ಕುಟುಂಬಗಳು ಬರುತ್ತವೆ, ವಯಸ್ಕರಿಗೆ ಮಾತ್ರ ಎಂಬ ನಿಯಮವಿಲ್ಲ. ಅಲ್ಲದೆ ಏಪ್ರಿಲ್‌ನಲ್ಲಿ ಆ ಸಮುದ್ರ ಇನ್ನೂ ತಣ್ಣಗಿರುತ್ತದೆ. ಸರಿಯಾದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿರುವಾಗ ನೀವು ತೋಟ ಬಿಟ್ಟು ಬರುವುದು ಕಷ್ಟವೇ.

ಇನ್ನೊಂದು ವಿಷಯ. ಜೋಡಿಗಳಿಗೆ ಮಾತ್ರ ಎಂದು ಬರೆದುಕೊಳ್ಳುವ ಕೆಲವು ರೆಸಾರ್ಟ್‌ಗಳು ಸಂಗಾತಿ ಬದಲಾಯಿಸಿಕೊಳ್ಳುವವರಿಗಾಗಿಯೇ ಇರುವಂಥವು. ವೆಬ್‌ಸೈಟ್‌ನಲ್ಲಿ "ಲೈಫ್‌ಸ್ಟೈಲ್" ಎಂಬ ಪದ ಕಂಡರೆ ಹೆಚ್ಚಿನಂಶ ಅದೇ ಅರ್ಥ. ನಿಮಗೆ ಬೇಕಾದದ್ದು "ನ್ಯಾಚುರಿಸ್ಟ್" ಎಂದು, ಅಂದರೆ ಲೈಂಗಿಕ ಉದ್ದೇಶವಿಲ್ಲದೆ ಸಹಜವಾಗಿ ಬೆತ್ತಲೆ ಇರುವವರಿಗೆ ಎಂದು, ಬರೆದಿರುವ ಜಾಗ.

ಹಾರಂಗಿ ದಂಡೆ:

ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಬೆತ್ತಲೆ ಇರುವ ಜಾಗಕ್ಕೆ ಗಂಡ ಹೆಂಡತಿ ಹೋಗುವುದು ನನಗೆ ಒಪ್ಪಿಗೆಯಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಯಾರಾದರೂ ಅಷ್ಟು ದೂರ ಏಕೆ, ಗೋವಾ ಅಥವಾ ಗೋಕರ್ಣ ಸಾಲದೇ ಎಂದರೆ ಕೇಳಬೇಡಿ ಮಗಳೇ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ವರ್ತನೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಪ್ರಕಾರ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಆ ಎಲೆಯ ವಿಷಯ ಓದಿ ಸಂಕಟವಾಯಿತು. ತೊನ್ನು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಬರುತ್ತದೆ, ಅಷ್ಟೇ. ನನ್ನ ತಂಗಿಗೂ ಇತ್ತು. ಅವಳಿಗೆ ಬಂದ ಎರಡು ಸಂಬಂಧಗಳು ಅದರಿಂದಲೇ ತಪ್ಪಿದವು. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ಹೋಗಬೇಕೆನ್ನುವುದು ನಿಮ್ಮ ಆಸೆಯೋ, ಯಜಮಾನರದ್ದೋ?

ಕಾಫಿಹೂವು, ಸುಂಟಿಕೊಪ್ಪ:

ಎಲ್ಲರಿಗೂ ಕೈಮುಗಿಯುತ್ತೇನೆ. ಹಿರಿಯರೇ, ನಿಮ್ಮ ಪ್ರಶ್ನೆಗೆ ನಾಲ್ಕು ದಿನ ಉತ್ತರ ಹುಡುಕಿದೆ. ಮೊದಲು ಅದು ಅವರ ಮಾತಾಗಿತ್ತು. ನಮ್ಮ ಬಚ್ಚಲುಮನೆಯಲ್ಲಿ ನಾನು ದೀಪ ಹಾಕದೆ, ಹಂಡೆಯ ಒಲೆಯ ಬೆಳಕಿನಲ್ಲೇ ಸ್ನಾನ ಮಾಡುವುದು ರೂಢಿಯಾಗಿ ಎಷ್ಟೋ ವರ್ಷವಾಯಿತು. ಅವರಿಗೆ ಅದು ಗೊತ್ತಿತ್ತು, ಒಂದು ದಿನವೂ ಕೇಳಿರಲಿಲ್ಲ. ಗೋಣಿಕೊಪ್ಪದ ಅಕ್ಕ ಬರೆದ ಕಿತ್ತಳೆ ತೊಳೆಯನ್ನು ಓದಿದ ಮೇಲೆ ಅದು ನನ್ನ ಆಸೆಯೂ ಆಗಿದೆ. ನಿಮ್ಮ ಅಸಮ್ಮತಿಯನ್ನು ಗೌರವಿಸುತ್ತೇನೆ. ನಿಮ್ಮ ತಂಗಿಯ ವಿಷಯ ಬರೆದದ್ದಕ್ಕೆ ಋಣಿ.

ನಮಗೆ ಅಮೆರಿಕದ ವೀಸಾ ಇಲ್ಲದ ಕಾರಣ ಮೆಕ್ಸಿಕೊ ವೀಸಾವನ್ನೇ ಪಡೆಯಬೇಕು. ದೆಹಲಿಯ ರಾಯಭಾರ ಕಚೇರಿಗೆ ಏನೇನು ಕಾಗದ ಬೇಕೆಂದು ನಮ್ಮವರು ಬರೆದಿಟ್ಟುಕೊಳ್ಳುತ್ತಿದ್ದಾರೆ. ಚರ್ಮದ ವೈದ್ಯರನ್ನು ಕಾಣಲು ಸೋಮವಾರ ಮೈಸೂರಿಗೆ ಹೋಗುತ್ತೇವೆ. ಅಕ್ಕ, ಐದು ದಿನಕ್ಕೆ ನಿಮ್ಮಿಬ್ಬರಿಗೆ ಎಷ್ಟು ಸನ್‌ಸ್ಕ್ರೀನ್ ಬೇಕಾಯಿತು? ಇಲ್ಲಿಂದಲೇ ತೆಗೆದುಕೊಂಡು ಹೋದಿರೋ, ಅಲ್ಲಿ ಕೊಂಡಿರೋ?