ಹೆರಿಗೆ ನೋವಲ್ಲಿ ಬೆಲ್ಟ್ ಬೇಕಾ, ಡಾಪ್ಲರ್ ಸಾಕಾ?

ಕೇಳಿದವರು: ಮೊದಲ ಬಸಿರು, 38 ವಾರ, ಬಿಪಿ–ಶುಗರ್ ಸರಿಯಿದೆ. ಅಡ್ಮಿಟ್ ಆದಾಗಿನಿಂದ ಹೆರಿಗೆವರೆಗೂ ಸಿಟಿಜಿ ಬೆಲ್ಟ್ (ಮಗುವಿನ ಎದೆಬಡಿತ, ನೋವು ಎರಡನ್ನೂ ಬಿಡದೆ ಗ್ರಾಫ್ ಬರೆಯುವ ಯಂತ್ರದ್ದು) ಬಿಚ್ಚಲ್ಲ ಅಂದಿದ್ದಾರೆ. ಅದರಿಂದ ಸಿಸೇರಿಯನ್ ಜಾಸ್ತಿಯಂತೆ, ಹೌದಾ? ಡಾಕ್ಟರ್ ಹತ್ತಿರ ಏನು ಕೇಳಲಿ?

ಪ್ರಸೂತಿ ತಜ್ಞೆ: ಹೌದಮ್ಮಾ. ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2017ರ ವಿಮರ್ಶೆ 13 ಅಧ್ಯಯನಗಳ, 37,000ಕ್ಕೂ ಹೆಚ್ಚು ಗರ್ಭಿಣಿಯರ ಲೆಕ್ಕ ಹಾಕಿತ್ತು. ಆಗಾಗ ಎದೆಬಡಿತ ಕೇಳಿಸಿಕೊಂಡವರಿಗಿಂತ ಬೆಲ್ಟ್ ಕಟ್ಟಿಸಿಕೊಂಡವರಲ್ಲಿ ಸಿಸೇರಿಯನ್ ಸುಮಾರು 63% ಹೆಚ್ಚು. ನವಜಾತ ಶಿಶುವಿಗೆ ಫಿಟ್ಸ್ ಬರುವುದು ಮಾತ್ರ ಅರ್ಧಕ್ಕಿಳಿಯಿತು. ಸೆರೆಬ್ರಲ್ ಪಾಲ್ಸಿಯಲ್ಲಾಗಲಿ (ಮಿದುಳಿನ ಹಾನಿಯಿಂದ ಕೈಕಾಲು ಸ್ವಾಧೀನ ತಪ್ಪುವುದು), ಶಿಶು ಮರಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಕಾರಣ ಇಷ್ಟೇ: ನೋವು ಬಂದಾಗ ಮಗುವಿನ ತಲೆ ಒತ್ತಿಕೊಂಡರೂ ಬಡಿತ ಇಳಿಯುತ್ತೆ, ಗ್ರಾಫ್ ಅದನ್ನೂ ತೋರಿಸುತ್ತೆ, ನೋಡುವವರಿಗೆ ಕೈಕಟ್ಟಿ ಕೂರೋಕೆ ಧೈರ್ಯ ಸಾಲಲ್ಲ. ತೊಂದರೆಯಿಲ್ಲದ ಗರ್ಭಿಣಿಗೆ ಇದನ್ನು ಕಟ್ಟಬೇಡಿ ಅಂತ 2018ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಲೇಬರ್ ರೂಮ್ ಸಿಸ್ಟರ್: ಡಾಪ್ಲರ್ (ಹೊಟ್ಟೆ ಮೇಲಿಟ್ಟು ಮಗುವಿನ ಬಡಿತ ಕೇಳುವ ಕೈಯಂತ್ರ) ಸಾಕು, ಆದರೆ ಸರಿಯಾಗಿ ಹಿಡಿದರೆ. ಒಂದು ಕೈ ಹೊಟ್ಟೆ ಮೇಲೆ, ನೋವು ಗಟ್ಟಿಯಾಗುವುದು ಅಂಗೈಗೆ ತಿಳಿಯಬೇಕು. ನೋವಿನ ಹೊತ್ತಲ್ಲೇ ಕೇಳಲು ಶುರು ಮಾಡಿ, ಅದು ಬಿಟ್ಟ ಮೇಲೂ ಕನಿಷ್ಠ 30 ಸೆಕೆಂಡ್, ಒಟ್ಟು ಒಂದು ನಿಮಿಷವಾದರೂ ಎಣಿಸಬೇಕು. ನೋವು ಬಿಟ್ಟ ಮೇಲೂ ಬಡಿತ ಏಳದಿದ್ದರೆ ಅದೇ ಚಿಂತೆಯ ವಿಷಯ. ನಿಮಿಷಕ್ಕೆ 110–160 ಸರಿ, ಅದಕ್ಕಿಂತ ಇಳಿದರೂ ಏರಿದರೂ ಮೂರು ನೋವಾದರೂ ಬಿಡದೆ ಕೇಳಬೇಕು. ಹೀಗೆ ಕೇಳುವುದು 15–30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ. ಕೇಳಿಸಿದ್ದು ತಾಯಿಯ ಬಡಿತವಲ್ಲ ಅಂತ ಖಾತ್ರಿಗೆ ತಾಯಿಯ ನಾಡಿಯನ್ನೂ ಜೊತೆಗೇ ನೋಡಬೇಕು. ಮಗ್ಗುಲು ಬದಲಿಸಿದಾಗ ಬೆಲ್ಟ್ ಸರಿದು ಯಂತ್ರವೂ ತಾಯಿಯ ಬಡಿತವನ್ನೇ ಮಗುವಿನದೆಂದು ಬರೆದುಬಿಡುತ್ತೆ. ಸುಮ್ಮನೆ ಗಾಬರಿಯೂ ಆಗುತ್ತೆ, ನಿಜವಾದ ಇಳಿತ ಮುಚ್ಚಿಯೂ ಹೋಗುತ್ತೆ.

ಕೇಳಿದವರು: ನೋವು ಬರಿಸೋ ಡ್ರಿಪ್ ಹಾಕಿದರೆ?

ಪ್ರಸೂತಿ ತಜ್ಞೆ: ಆಗ ಬೆಲ್ಟ್ ಬೇಕೇ ಬೇಕು, ವಾದ ಮಾಡಬೇಡಿ. ಗರ್ಭದ ನೀರಲ್ಲಿ ಮಗುವಿನ ಮಲ ಕಂಡರೆ, ರಕ್ತಸ್ರಾವ, ಜ್ವರ, ಬಿಪಿ ಏರಿಕೆ, ಹಿಂದೆ ಸಿಸೇರಿಯನ್, ಮಗುವಿನ ಬೆಳವಣಿಗೆ ಕಡಿಮೆ ಇದ್ದರೂ ಅಷ್ಟೇ. ಗ್ರಾಫ್ ಕೆಟ್ಟ ಕೂಡಲೇ ಆಪರೇಷನ್ ಥಿಯೇಟರ್‌ಗೆ ಓಡಬೇಕಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಡ್ರಿಪ್ ಇಳಿಸಿ ಇಲ್ಲವೇ ನಿಲ್ಲಿಸಿ. 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ ತಪ್ಪು ಮಗುವಿನದಲ್ಲ, ಡ್ರಿಪ್‌ನದು. ಬಿಪಿ ಬಿದ್ದಿದ್ದರೆ ಸಲೈನ್, ಹೊಕ್ಕುಳಬಳ್ಳಿ ಜಾರಿದೆಯಾ ಅಂತ ಒಳಪರೀಕ್ಷೆ. ಅದೇ ಪರೀಕ್ಷೆಯಲ್ಲಿ ಮಗುವಿನ ತಲೆಯನ್ನು ಬೆರಳಲ್ಲಿ ಸವರಿದಾಗ ಬಡಿತ ನಿಮಿಷಕ್ಕೆ 15 ಏರಿ 15 ಸೆಕೆಂಡ್ ನಿಂತರೆ ಸಮಾಧಾನ. ಬಳ್ಳಿ ಜಾರಿದ್ದರೆ, ಬಡಿತ ಇಳಿದದ್ದು ಏಳದಿದ್ದರೆ ಮಾತ್ರ ಒಂದು ಕ್ಷಣವೂ ತಡ ಮಾಡುವ ಹಾಗಿಲ್ಲ.

ಲೇಬರ್ ರೂಮ್ ಸಿಸ್ಟರ್: ಡಾಕ್ಟರ್ ಹತ್ತಿರ ಇದನ್ನೂ ಕೇಳಿಕೊಳ್ಳಿ: ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಂದಿ? ನಾಲ್ಕೈದು ಅಂದರೆ 15 ನಿಮಿಷಕ್ಕೊಮ್ಮೆ ಡಾಪ್ಲರ್ ಹಿಡಿಯೋದು ಚಾರ್ಟ್ ಮೇಲಷ್ಟೇ. ಬೆಲ್ಟ್ ಕಟ್ಟುವುದೇ ಆದರೆ ಮಲಗಿಸಿಯೇ ಕಟ್ಟಬೇಕೆಂದಿಲ್ಲ, ಕುರ್ಚಿ ಕೇಳಿ.