ಕುಸ್ಕೊ ನಗರವನ್ನು ನಡೆದೇ ನೋಡುವುದಾದರೆ ಯಾವ ಕ್ರಮ ಒಳ್ಳೆಯದು?

ದೂರದಾರಿ ಕೇಳಿದ ಪ್ರಶ್ನೆ:

ಬರುವ ಜೂನ್ ತಿಂಗಳಲ್ಲಿ ತಾಯಿಯವರೊಂದಿಗೆ ಪೆರು ದೇಶಕ್ಕೆ ಹೊರಟಿದ್ದೇನೆ. ಮಾಚು ಪಿಚುವಿನ ಟಿಕೆಟ್ಟು, ರೈಲು ಎಲ್ಲವೂ ನಿಗದಿಯಾಗಿವೆ, ಆದ್ದರಿಂದ ನನ್ನ ಪ್ರಶ್ನೆ ಅದರ ಬಗ್ಗೆ ಅಲ್ಲ. ಕುಸ್ಕೊ ನಗರದಲ್ಲಿಯೇ ಕೆಲವು ದಿನ ಉಳಿದು, ಬಸ್ಸಿನ ಕಿಟಕಿಯಿಂದ ನೋಡಿ ಮುಗಿಸುವ ಬದಲು, ಬೀದಿಗಳಲ್ಲಿ ನಿಧಾನವಾಗಿ ನಡೆದು ನೋಡಬೇಕೆಂಬುದು ನಮ್ಮಿಬ್ಬರ ಆಸೆ. ತಾಯಿಯವರಿಗೆ 64 ವರ್ಷ. ಸಮತಟ್ಟಾದ ದಾರಿಯಲ್ಲಿ ಆಯಾಸವಿಲ್ಲದೆ ನಡೆಯುತ್ತಾರೆ, ಆದರೆ ಮೆಟ್ಟಿಲೆಂದರೆ ಮಂಡಿನೋವು. ನಗರವು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ ಎಂದು ಓದಿದ ಮೇಲೆ ನನಗೂ ಸ್ವಲ್ಪ ಅಳುಕು ಶುರುವಾಗಿದೆ.

ನಕ್ಷೆಯಲ್ಲಿ ಮುಖ್ಯ ಚೌಕವಾದ ಪ್ಲಾಸಾ ದೆ ಅರ್ಮಾಸ್, ಸೂರ್ಯದೇವಾಲಯವಿದ್ದ ಕೊರಿಕಾಂಚ, ಸಾನ್ ಬ್ಲಾಸ್ ಬಡಾವಣೆ, ಸಕ್ಸಾಯ್‌ವಮಾನ್ ಕೋಟೆ ಎಲ್ಲವೂ ಒಂದಕ್ಕೊಂದು ಹತ್ತಿರವೇ ಇರುವಂತೆ ಕಾಣುತ್ತವೆ, ಆದರೆ ಏರು ಎಲ್ಲಿದೆ, ಇಳಿಜಾರು ಎಲ್ಲಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಯಾವುದನ್ನು ಮೊದಲು ನೋಡಿ ಯಾವುದನ್ನು ಕೊನೆಗೆ ಉಳಿಸಿಕೊಂಡರೆ ದಣಿವೂ ಕಡಿಮೆಯಾಗಿ, ನೋಡಿದ್ದು ಅರ್ಥವೂ ಆಗುತ್ತದೆ? ಬರೀ ಸ್ಥಳಗಳ ಪಟ್ಟಿ ಎಲ್ಲೆಡೆ ಸಿಗುತ್ತದೆ. ಅಲ್ಲಿ ನಡೆದಾಡಿದವರು ಕಾರಣಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಕಲ್ಲುಹಾದಿ ಬರೆದ ಉತ್ತರ:

ನಿಮ್ಮ ಅಳುಕಿನಲ್ಲಿ ಅರ್ಥವಿದೆ, ಆದರೆ ಅದಕ್ಕಾಗಿ ನಡಿಗೆಯ ಆಸೆಯನ್ನು ಕೈಬಿಡಬೇಕಾಗಿಲ್ಲ. ಕುಸ್ಕೊ ಒಂದು ಕಣಿವೆಯ ಮೇಲ್ತುದಿಯಲ್ಲಿದೆ. ಪ್ಲಾಸಾದಿಂದ ಆಗ್ನೇಯ ದಿಕ್ಕಿಗೆ ಹೋದರೆ ನೆಲ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ; ಉತ್ತರಕ್ಕೋ ಈಶಾನ್ಯಕ್ಕೋ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಕಡಿದಾದ ಏರು ಎದುರಾಗುತ್ತದೆ. ಇದಿಷ್ಟು ಗಮನದಲ್ಲಿದ್ದರೆ ಕ್ರಮ ತಾನಾಗಿಯೇ ಹೊಂದಿಕೊಳ್ಳುತ್ತದೆ. ಆರಂಭದಲ್ಲಿ ಕೆಳಗಿನ ಸಮತಟ್ಟಾದ ಬೀದಿಗಳು, ಮೈ ಒಗ್ಗಿದ ಮೇಲೆ ಗುಡ್ಡದ ಮೇಲಿನ ಸ್ಥಳಗಳು. ಅವನ್ನೂ ಹತ್ತುತ್ತಾ ನೋಡುವುದಲ್ಲ, ವಾಹನದಲ್ಲಿ ಮೇಲಕ್ಕೆ ಹೋಗಿ ಇಳಿಯುತ್ತಾ ನೋಡುವುದು.

ಮೊದಲ ನಡಿಗೆಗೆ ಪ್ಲಾಸಾದಿಂದ ಕೊರಿಕಾಂಚಕ್ಕೆ ಹೋಗುವ ಲೊರೆತೊ ಬೀದಿಯೇ ಸರಿ. ಲಾ ಕೊಂಪಾನಿಯಾ ಚರ್ಚಿನ ಪಕ್ಕದಲ್ಲಿ ಶುರುವಾಗುವ ಈ ಕಿರಿದಾದ ಬೀದಿಯ ಎರಡೂ ಬದಿಗೆ, ಸ್ಪೇನಿನವರು ಬರುವ ಮುಂಚೆ ಇಲ್ಲಿ ಆಳಿದ ಇಂಕಾ ಜನರ ಕಾಲದ ಗೋಡೆಗಳಿವೆ. ಪ್ಲಾಸಾಕ್ಕೆ ಬೆನ್ನುಮಾಡಿ ನಡೆದರೆ ಎಡಗಡೆ ಇರುವುದು ಸೂರ್ಯಸೇವೆಗೆಂದು ಆಯ್ದ ಹೆಣ್ಣುಮಕ್ಕಳು ವಾಸವಾಗಿದ್ದ ಅಕ್ಯಾವಾಸಿಯ ಗೋಡೆ, ಬಲಗಡೆ ಇರುವುದು ಅಮರುಕಾಂಚ ಅರಮನೆಯದು. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಕಲ್ಲುಗಳ ನಡುವೆ ಗಾರೆಯಿಲ್ಲ, ಪ್ರತಿಯೊಂದು ಕಲ್ಲನ್ನೂ ಪಕ್ಕದ ಕಲ್ಲಿನ ಅಳತೆಗೆ ತಕ್ಕಂತೆ ಕಡೆದು ಕೂರಿಸಿದ್ದಾರೆ. ಕಲ್ಲಿನ ಮುಖ ಸ್ವಲ್ಪ ಉಬ್ಬಿ, ಸಂದಿನ ಬಳಿ ಒಳಕ್ಕೆ ಬಾಗುವುದರಿಂದ ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಸಂದಿನಲ್ಲೂ ನೆರಳಿನ ತೆಳುವಾದ ಗೆರೆಯೊಂದು ಎದ್ದು ಕಾಣುತ್ತದೆ. ಸ್ವಲ್ಪ ದೂರ ಸರಿದು ನೋಡಿದರೆ ಗೋಡೆಯೇ ಒಳಕ್ಕೆ ವಾಲಿಕೊಂಡಿರುವುದು ತಿಳಿಯುತ್ತದೆ. ಆ ವಾಲು, ಮೇಲಕ್ಕೆ ಹೋದಂತೆ ಕಿರಿದಾಗುವ ಬಾಗಿಲು ಮತ್ತು ಗೂಡುಗಳು, ಗಾರೆಯಿಲ್ಲದ ಸಂದುಗಳು, ಇವೆಲ್ಲ ಸೇರಿಯೇ ಈ ಗೋಡೆಗಳು ಭೂಕಂಪಗಳನ್ನು ತಡೆದುಕೊಂಡಿವೆ.

ಕೊರಿಕಾಂಚದಲ್ಲಿ ಅದರ ನೇರ ಸಾಕ್ಷಿ ಇದೆ. ಇಂಕಾ ಜನರ ಸೂರ್ಯದೇವಾಲಯದ ಮೇಲೆ ಸ್ಪೇನಿನವರು ಸಾಂತೊ ದೊಮಿಂಗೊ ಚರ್ಚನ್ನೂ ಮಠವನ್ನೂ ಕಟ್ಟಿದರು. 1650ರ ಭೂಕಂಪದಲ್ಲಿ ಆ ಕಟ್ಟಡ ಬಹುಪಾಲು ಕುಸಿಯಿತು, ಮತ್ತೆ ಕಟ್ಟಿದರು. 1950ರ ಮೇ 21ರ ಭೂಕಂಪದಲ್ಲಿ ಮತ್ತೊಮ್ಮೆ ಹಾನಿಯಾದಾಗ, ಒಳಗೆ ಮುಚ್ಚಿಹೋಗಿದ್ದ ಇಂಕಾ ಕೋಣೆಗಳು ಗಟ್ಟಿಯಾಗಿ ನಿಂತಿರುವುದು ಬೆಳಕಿಗೆ ಬಂತು. ಒಳಾಂಗಣ ನೋಡಿ ಮುಗಿದ ಮೇಲೆ ಅವೆನಿದಾ ಎಲ್ ಸೋಲ್ ರಸ್ತೆಯ ಕಡೆಗೆ ಇಳಿದು, ಅಲ್ಲಿಂದ ತಲೆಯೆತ್ತಿ ನೋಡಿ. ಚರ್ಚಿನ ಕೆಳಗೆ ಕಪ್ಪು ಛಾಯೆಯ, ನುಣುಪಾದ, ಬಾಗಿದ ಗೋಡೆಯೊಂದಿದೆ. ಇಡೀ ನಗರದಲ್ಲಿ ಒಂದೇ ಒಂದು ಗೋಡೆ ನೋಡಲು ಸಮಯವಿದೆ ಎಂದಾದರೆ ನಾನು ಅದನ್ನೇ ಹೇಳುತ್ತೇನೆ. ಈ ದಾರಿಯಲ್ಲಿ ನಿಮ್ಮ ತಾಯಿಯವರಿಗೆ ಏರು ಎನ್ನುವಂಥದ್ದು ಸಿಗುವುದಿಲ್ಲ.

ಮರುದಿನ ಪ್ಲಾಸಾದಿಂದ ತ್ರಿಯುಂಫೊ ಬೀದಿಯಲ್ಲಿ ಹೊರಟು ಹತುನ್ ರುಮಿಯೋಕ್ ಬೀದಿಗೆ ಬನ್ನಿ. ಹನ್ನೆರಡು ಮೂಲೆಗಳ ಪ್ರಸಿದ್ಧ ಕಲ್ಲು ಇರುವುದು ಅಲ್ಲಿಯೇ, ಈಗ ಆರ್ಚ್‌ಬಿಷಪ್ಪರ ಅರಮನೆಯ ಭಾಗವಾಗಿರುವ ಗೋಡೆಯಲ್ಲಿ. ಅದನ್ನು ಮುಟ್ಟಬಾರದು. 2025ರ ಫೆಬ್ರವರಿಯಲ್ಲಿ ಒಬ್ಬ ವ್ಯಕ್ತಿ ಅದಕ್ಕೆ ಹೊಡೆದು ಚಕ್ಕೆ ಎಬ್ಬಿಸಿದ ಮೇಲೆ ಎಲ್ಲರಿಗೂ ಅದರ ಬಗ್ಗೆ ಆತಂಕವಿದೆ. ಅಲ್ಲಿಂದ ಮುಂದಕ್ಕೆ ಸಾನ್ ಬ್ಲಾಸ್ ಏರು ಶುರುವಾಗುತ್ತದೆ. ದೂರ ಕಡಿಮೆ, ಆದರೆ ಕಡಿದು, ಕಾಲುದಾರಿ ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದು. ಹೀಗಾಗಿ ಟ್ಯಾಕ್ಸಿಯಲ್ಲಿ ಸಾನ್ ಬ್ಲಾಸ್ ಚೌಕಕ್ಕೆ ಹೋಗಿ, ಅಲ್ಲಿನ ಪುಟ್ಟ ಚರ್ಚಿನಲ್ಲಿ ದೇವದಾರು ಮರದ ಕುಸುರಿ ಕೆಲಸದ ಪ್ರವಚನಪೀಠವನ್ನು ನೋಡಿಕೊಂಡು ಕೆಳಕ್ಕೆ ಇಳಿಯುವುದು ಮೇಲು. ಚೌಕದಲ್ಲಿಯೇ ಇಲಾರಿಯೊ ಮೆಂದಿವಿಲ್ ಎಂಬ ಕಲಾವಿದರ ಮನೆತನದ ಕಾರ್ಯಾಗಾರವಿದೆ. ಉದ್ದ ಕತ್ತಿನ ಸಂತರ ಗೊಂಬೆಗಳು ಅವರ ಹೆಸರಿನೊಂದಿಗೇ ಬೆಸೆದುಕೊಂಡಿವೆ.

ನಿಧಾನ_ನಡಿಗೆ ಬರೆದ ಉತ್ತರ:

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ. ಆದರೆ ಇಳಿಯುವುದೆಂದರೆ ಸಲೀಸು ಎಂಬ ಭಾವನೆ ಬೇಡ. ಏರುವಾಗ ಕೆಲಸ ಉಸಿರಿನದು, ಇಳಿಯುವಾಗ ಭಾರವೆಲ್ಲ ಮಂಡಿಯ ಮೇಲೆ. ಸಕ್ಸಾಯ್‌ವಮಾನ್‌ನಿಂದ ಪ್ಲಾಸಾಕ್ಕೆ ಬರುವ ನೇರ ದಾರಿ ರೆಸ್ಬಲೋಸಾ ಎಂಬ ಮೆಟ್ಟಿಲುಬೀದಿ. ಸವೆದ ಕಲ್ಲಿನ ಮೆಟ್ಟಿಲುಗಳು, ಮಳೆ ಬಿದ್ದರಂತೂ ಜಾರುತ್ತವೆ. ಜೂನ್ ಒಣಹವೆಯ ಕಾಲವಾದ್ದರಿಂದ ಮಳೆಯ ಭಯ ಕಡಿಮೆ, ಆದರೂ ತಾಯಿಯವರ ಕೈಯಲ್ಲಿ ರಬ್ಬರ್ ತುದಿಯ ಊರುಗೋಲು ಇರಲಿ. ಅವರನ್ನು ಸಾನ್ ಕ್ರಿಸ್ತೋಬಲ್ ಚರ್ಚಿನ ಅಂಗಳದವರೆಗೆ ಟ್ಯಾಕ್ಸಿಯಲ್ಲಿ ಕರೆತಂದು, ಅಲ್ಲಿಂದ ನಗರದ ಕೆಂಪು ಹೆಂಚಿನ ಸೂರುಗಳನ್ನು ತೋರಿಸಿ, ಮತ್ತೆ ವಾಹನದಲ್ಲಿಯೇ ಕೆಳಗಿಳಿಸುವುದು ಲೇಸು.

ಎತ್ತರದ ವಿಷಯದಲ್ಲಿ ಇನ್ನೊಂದು ಸಲಹೆ. ಲಿಮಾ ಸಮುದ್ರತೀರದ ನಗರ, ಅಲ್ಲಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಕುಸ್ಕೊ ತಲುಪುತ್ತೀರಿ. ದೇಹಕ್ಕೆ ಹೊಂದಿಕೊಳ್ಳಲು ಆ ಅವಧಿ ಏನೇನೂ ಸಾಲದು. ಸಾಧ್ಯವಿದ್ದರೆ ವಿಮಾನ ನಿಲ್ದಾಣದಿಂದ ನೇರವಾಗಿ ಉರುಬಂಬಾ ಕಣಿವೆಗೆ ಇಳಿದುಬಿಡಿ. ಉರುಬಂಬಾ, ಒಯಾಂತಾಯ್‌ತಂಬೊ ಊರುಗಳು 2,800 ಮೀಟರಿನ ಆಸುಪಾಸಿನಲ್ಲಿವೆ, ಅಂದರೆ ಕುಸ್ಕೊಗಿಂತ ಸುಮಾರು 500 ಮೀಟರ್ ಕೆಳಗೆ. ಮಾಚು ಪಿಚುವನ್ನೂ ಅಲ್ಲಿಂದಲೇ ಮುಗಿಸಿಕೊಂಡು ಕೊನೆಗೆ ಕುಸ್ಕೊಗೆ ಬಂದರೆ ಏರುಗಳು ಇಷ್ಟು ಕಾಡುವುದಿಲ್ಲ. ನಿಮ್ಮ ರೈಲಿನ ದಿನಾಂಕಗಳು ಇದಕ್ಕೆ ಹೊಂದುತ್ತವೆಯೇ ನೋಡಿ. ಮೊದಲ ದಿನ ಹೊಟ್ಟೆ ಬಿರಿಯುವ ಊಟ ಬೇಡ, ನೀರು ಹೆಚ್ಚು ಕುಡಿಯಿರಿ, ಕೋಕಾ ಎಲೆಯ ಕಷಾಯ ಎಲ್ಲ ಹೋಟೆಲುಗಳಲ್ಲೂ ಸಿಗುತ್ತದೆ. ಆದರೆ ಆ ಎಲೆಯನ್ನು ಪೆರುವಿನಿಂದ ಹೊರಗೆ ಮಾತ್ರ ಒಯ್ಯಬೇಡಿ. ಎತ್ತರಕ್ಕೆ ಒಗ್ಗಲು ಕೊಡುವ ಮಾತ್ರೆಗಳ ಬಗ್ಗೆ ಹೊರಡುವ ಮುಂಚೆಯೇ ತಾಯಿಯವರ ವೈದ್ಯರನ್ನು ಕೇಳಿ, ಏಕೆಂದರೆ ಅವು ಎಲ್ಲರಿಗೂ ಹೊಂದುವುದಿಲ್ಲ. ತಲೆನೋವು ಬಿಡದೆ ಹೆಚ್ಚುತ್ತಾ ಹೋದರೆ, ನಡಿಗೆ ತೂರಾಡಿದರೆ, ವಿಶ್ರಾಂತಿಯಲ್ಲಿಯೂ ಏದುಸಿರು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು, ಕೆಳಗಿನ ಊರಿಗೆ ಇಳಿಯಬೇಕು.

ಹಳೆಗೋಡೆ ಬರೆದ ಉತ್ತರ:

ದಣಿವಿನ ಲೆಕ್ಕವನ್ನು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನೋಡಿದ್ದು ಅರ್ಥವಾಗಬೇಕು ಎಂದೂ ಕೇಳಿದ್ದೀರಿ, ಅದಕ್ಕಾಗಿ ಒಂದು ತಿದ್ದುಪಡಿ ಸೂಚಿಸುತ್ತೇನೆ. ಪ್ಲಾಸಾದಲ್ಲಿಯೇ ಇದೆಯೆಂದು ಕ್ಯಾಥೆಡ್ರಲ್ಲನ್ನು ಮೊದಲ ದಿನವೇ ನೋಡಿಬಿಡಬೇಡಿ. ಸಕ್ಸಾಯ್‌ವಮಾನ್ ನೋಡಿದ ಮೇಲೆಯೇ ಅದರೊಳಗೆ ಕಾಲಿಡಿ.

ಕಾರಣ ಇದು. ಸಕ್ಸಾಯ್‌ವಮಾನ್‌ನಲ್ಲಿ ಈಗ ಉಳಿದಿರುವುದು ಒಂದರ ಮೇಲೊಂದರಂತೆ ಮೂರು ಸಾಲಿನ ಹಾವಿನ ಹರಿದಾಟದಂಥ ಗೋಡೆಗಳು. ಅಲ್ಲಿನ ಅತಿ ದೊಡ್ಡ ಸುಣ್ಣಕಲ್ಲುಗಳ ತೂಕ 100 ಟನ್ನಿಗೂ ಹೆಚ್ಚು ಎಂಬುದು ಅಂದಾಜು. 1536ರಲ್ಲಿ ಇಂಕಾ ಅರಸ ಮಾಂಕೊ ಇಂಕಾ ಸ್ಪೇನಿನವರ ವಿರುದ್ಧ ಎದ್ದು ನಗರವನ್ನು ಮುತ್ತಿದಾಗ ಈ ಕೋಟೆಗಾಗಿ ಘೋರ ಕಾಳಗ ನಡೆಯಿತು, ಪೆರುವನ್ನು ಗೆದ್ದ ಸ್ಪೇನಿನ ದಂಡನಾಯಕ ಫ್ರಾನ್ಸಿಸ್ಕೊ ಪಿಸಾರೊನ ತಮ್ಮ ಹ್ವಾನ್ ಪಿಸಾರೊ ಸತ್ತದ್ದು ಅದರಲ್ಲಿಯೇ. ಆಮೇಲೆ ಗೆದ್ದವರು ಇದನ್ನು ಕಲ್ಲುಗಣಿಯಂತೆ ಬಳಸಿಕೊಂಡರು. ಸಾಗಿಸಬಹುದಾದ ಕಲ್ಲುಗಳೆಲ್ಲ ಕೆಳಗಿನ ನಗರಕ್ಕೆ ಹೋದವು, ಅಲುಗಾಡಿಸಲಾಗದಷ್ಟು ದೊಡ್ಡವು ಮಾತ್ರ ಉಳಿದವು. ಕ್ಯಾಥೆಡ್ರಲ್ ಕಟ್ಟಲು ಬಳಸಿದ ಕಲ್ಲುಗಳಲ್ಲಿ ಅಲ್ಲಿಂದ ತಂದವೂ ಸೇರಿವೆ. ಆ ಕಟ್ಟಡ ಸುಮಾರು ಒಂದು ಶತಮಾನ ನಡೆದು 1654ರಲ್ಲಿ ಮುಗಿಯಿತು. ಮೇಲಿನ ಬರಿದಾದ ಗುಡ್ಡವನ್ನು ಕಣ್ಣಾರೆ ಕಂಡು ಬಂದವರಿಗೆ ಕ್ಯಾಥೆಡ್ರಲ್ಲಿನ ಗೋಡೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಒಳಗೆ ಹೋದಾಗ ಎರಡನ್ನು ತಪ್ಪದೆ ನೋಡಿ. ಒಂದು, ಮಾರ್ಕೋಸ್ ಸಪಾತಾ ಬಿಡಿಸಿದ ಕ್ರಿಸ್ತನ ಕಡೆಯ ಊಟದ ಚಿತ್ರ. ಮೇಜಿನ ನಡುವಿನ ತಟ್ಟೆಯಲ್ಲಿರುವುದು ಆಂಡೀಸ್ ಪ್ರದೇಶದ ಮನೆಗಳಲ್ಲಿ ಸಾಕುವ ಕುಯ್ ಎಂಬ ಗಿನಿಯಿಲಿ ಎಂದೇ ಹೆಚ್ಚಿನವರು ಹೇಳುತ್ತಾರೆ. ಇನ್ನೊಂದು, ಭೂಕಂಪಗಳ ಒಡೆಯನೆಂದು ಜನ ನಂಬಿ ನಡೆದುಕೊಳ್ಳುವ, ಮೈಬಣ್ಣ ಕಪ್ಪಾಗಿರುವ ಶಿಲುಬೆಯ ಕ್ರಿಸ್ತ. 1650ರ ಭೂಕಂಪದ ವೇಳೆ ಆ ವಿಗ್ರಹವನ್ನು ಹೊರಗೆ ತಂದದ್ದರಿಂದ ನಡುಕ ನಿಂತಿತೆಂಬುದು ಊರಿನವರ ನಂಬಿಕೆ. ಫೋಟೊ ತೆಗೆಯಲು ಅನುಮತಿಯಿಲ್ಲ, ಅದರಿಂದ ಜನ ನಿಂತು ನೋಡುತ್ತಾರೆ, ನನಗೆ ಅದು ಒಳ್ಳೆಯದೇ ಅನ್ನಿಸಿತು.

ಮತ್ತೊಂದು ಮಾತು, ಪ್ಲಾಸಾದ ಬಗ್ಗೆ. ಹೂಗಿಡಗಳ ನಡುವೆ ಬೆಂಚಿನ ಮೇಲೆ ಕೂತಾಗ, ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಎರಡನೆಯ ತುಪಾಕ್ ಅಮರುವನ್ನು 1781ರ ಮೇ 18ರಂದು ಅವನ ಹೆಂಡತಿ ಮಿಕಾಯೆಲಾ ಬಾಸ್ತಿದಾಸಳೊಂದಿಗೆ ಇದೇ ಚೌಕದಲ್ಲಿ ಸ್ಪೇನಿನ ಆಡಳಿತ ಕೊಂದಿತು ಎಂಬುದನ್ನು ತಾಯಿಯವರಿಗೂ ತಿಳಿಸಿ.

ದೂರದಾರಿ ಬರೆದದ್ದು:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ರೈಲಿನ ದಿನಾಂಕ ನೋಡಿದೆ. ಕಣಿವೆಗೆ ಮೊದಲು ಹೋಗಿ ಕುಸ್ಕೊವನ್ನು ಕೊನೆಗೆ ಇಟ್ಟುಕೊಳ್ಳಲು ಸಾಧ್ಯವಿದೆ, ಹಾಗೆಯೇ ಮಾಡುತ್ತೇವೆ. ಆದರೆ ಹಾಗೆ ಮಾಡಿದರೆ ನಗರದಲ್ಲಿರುವ ದಿನಗಳಲ್ಲಿ ಜೂನ್ 24ರ ಇಂತಿ ರೈಮಿ ಎಂಬ ಸೂರ್ಯನ ಹಬ್ಬವೂ ಸೇರುತ್ತದೆ. ಆ ದಿನ ನಡೆದಾಡಲು ಆಗುತ್ತದೆಯೇ? ಪ್ರವೇಶ ಟಿಕೆಟ್ಟಿನ ವ್ಯವಸ್ಥೆಯೂ ಸರಿಯಾಗಿ ಅರ್ಥವಾಗಲಿಲ್ಲ. ಎಲ್ಲ ಸ್ಥಳಕ್ಕೂ ಒಂದೇ ಟಿಕೆಟ್ ಸಾಕೇ?

ಕಲ್ಲುಹಾದಿ ಬರೆದ ಉತ್ತರ:

ಒಂದೇ ಟಿಕೆಟ್ ಸಾಲದು. ಬೊಲೆತೊ ತುರಿಸ್ತಿಕೊ ಎಂಬ ಒಟ್ಟು ಟಿಕೆಟ್ಟಿನಲ್ಲಿ ಗುಡ್ಡದ ಮೇಲಿನ ನಾಲ್ಕು ಇಂಕಾ ಸ್ಥಳಗಳಾದ ಸಕ್ಸಾಯ್‌ವಮಾನ್, ಕೆಂಕೊ, ಪುಕಾ ಪುಕಾರಾ, ತಂಬೊಮಚಾಯ್ ಮತ್ತು ಕಣಿವೆಯ ಪಿಸಾಕ್, ಒಯಾಂತಾಯ್‌ತಂಬೊ ಮೊದಲಾದವು ಸೇರಿವೆ. ವಿದೇಶಿ ವಯಸ್ಕರಿಗೆ ಪೂರ್ಣ ಟಿಕೆಟ್ 130 ಸೋಲ್ (ಪೆರುವಿನ ಹಣ), ಹತ್ತು ದಿನ ನಡೆಯುತ್ತದೆ. ಹೊರಡುವ ಮುನ್ನ ದರವನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಕೊರಿಕಾಂಚದ ಮಠಕ್ಕೂ ಕ್ಯಾಥೆಡ್ರಲ್ಲಿಗೂ ಇದು ನಡೆಯುವುದಿಲ್ಲ, ಅಲ್ಲಿ ಬೇರೆ ಬೇರೆ ಟಿಕೆಟ್ ಕೊಳ್ಳಬೇಕು. ನೀವು ಮೊದಲು ಕಣಿವೆಗೆ ಹೋಗುವುದರಿಂದ ಟಿಕೆಟ್ಟಿನ ಹತ್ತು ದಿನ ಅಲ್ಲಿಂದಲೇ ಎಣಿಕೆಗೆ ಬರುತ್ತದೆ ಎಂಬುದನ್ನು ಮರೆಯಬೇಡಿ.

ಗುಡ್ಡದ ದಿನ ಹೀಗಿರಲಿ. ಬೆಳಗ್ಗೆ ಟ್ಯಾಕ್ಸಿಯಲ್ಲಿ ನೇರ ತಂಬೊಮಚಾಯ್‌ಗೆ ಹೋಗಿ. ನಾಲ್ಕರಲ್ಲಿ ಅತಿ ದೂರದ್ದೂ ಎತ್ತರದ್ದೂ ಅದೇ. ಕಲ್ಲಿನ ಕಾಲುವೆಗಳಿಂದ ಅಲ್ಲಿ ಇಂದಿಗೂ ನೀರು ಧುಮುಕುತ್ತದೆ. ರಸ್ತೆ ದಾಟಿದರೆ ಪುಕಾ ಪುಕಾರಾ. ಅಲ್ಲಿಂದ ಕೆಂಕೊವರೆಗಿನ ಹಾದಿ ಬಯಲಿನಲ್ಲಿ ಸಾಗುತ್ತದೆ, ಆದರೆ ಉದ್ದ. ನೀವು ನಡೆಯಿರಿ, ತಾಯಿಯವರು ಅದೇ ಟ್ಯಾಕ್ಸಿಯಲ್ಲಿ ಬರಲಿ. ಕೆಂಕೊದಲ್ಲಿ ಬಂಡೆಯ ಒಳಗೆ ಕಡೆದ ಕೋಣೆಯಲ್ಲಿ ವೇದಿಕೆಯಂಥ ಕಲ್ಲುಹಾಸು ಇದೆ, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಕೊರೆಯುವ ತಂಪು. ಸಕ್ಸಾಯ್‌ವಮಾನ್ ಅಲ್ಲಿಂದ ಹತ್ತಿರ. ಸಂಜೆ ಐದೂವರೆಗೆ ಸೂರ್ಯ ಮುಳುಗಿದ ಕೂಡಲೇ ಚಳಿ ಹೆಚ್ಚುತ್ತದೆ, ಕತ್ತಲಾದ ಮೇಲೆ ಗುಡ್ಡದ ಹಾದಿಯಲ್ಲಿ ನಡೆಯುವುದು ಕ್ಷೇಮವಲ್ಲ, ಆದ್ದರಿಂದ ನಾಲ್ಕೂವರೆಯ ಹೊತ್ತಿಗೆ ನಗರದೊಳಗೆ ಇರಿ.

ಈ ಗುಡ್ಡದ ದಿನವನ್ನು ಜೂನ್ 24ಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. 1944ರಲ್ಲಿ ಮತ್ತೆ ಶುರುವಾದ ಇಂತಿ ರೈಮಿ ಆಚರಣೆ ಬೆಳಗ್ಗೆ ಕೊರಿಕಾಂಚದಲ್ಲಿ ಆರಂಭವಾಗಿ, ಪ್ಲಾಸಾಕ್ಕೆ ಬಂದು, ಮಧ್ಯಾಹ್ನ ಸಕ್ಸಾಯ್‌ವಮಾನ್‌ನಲ್ಲಿ ಮುಗಿಯುತ್ತದೆ. ಮೇಲಿನ ಆಸನಗಳಿಗೆ ಟಿಕೆಟ್ ಉಂಟು, ಮೊದಲೇ ಕಾದಿರಿಸಬೇಕು. ಕೊರಿಕಾಂಚದ ಮುಂದಿನ ಹುಲ್ಲುಹಾಸಿನಲ್ಲಿ ನಡೆಯುವ ಮೊದಲ ಭಾಗವನ್ನು ಅವೆನಿದಾ ಎಲ್ ಸೋಲ್ ರಸ್ತೆಯ ಬದಿಯಿಂದ ಯಾರು ಬೇಕಾದರೂ ನೋಡಬಹುದು, ನಿಮ್ಮ ತಾಯಿಯವರಿಗೆ ಅದೇ ಸೂಕ್ತ. ನೂಕುನುಗ್ಗಲು ಬಹಳ ಇರುವುದರಿಂದ ಬೇಗ ಹೋಗಿ ಜಾಗ ಹಿಡಿಯಿರಿ, ಮಡಚುವ ಕುರ್ಚಿಯೊಂದನ್ನೂ ಬಿಸಿಲಿಗೆ ಅಗಲ ಅಂಚಿನ ಟೋಪಿಯನ್ನೂ ಒಯ್ಯಿರಿ. ವಾಹನಗಳನ್ನು ತಡೆದಿರುತ್ತಾರೆ, ಆದ್ದರಿಂದ ಆ ರಾತ್ರಿಯ ಮಟ್ಟಿಗಾದರೂ ಕೊರಿಕಾಂಚಕ್ಕೆ ಸಮೀಪದ, ಏರಿಲ್ಲದ ಬೀದಿಯಲ್ಲಿ ಕೋಣೆ ಹಿಡಿದರೆ ತಾಯಿಯವರು ಯಾವಾಗ ಬೇಕಾದರೂ ಹಿಂತಿರುಗಿ ವಿಶ್ರಮಿಸಬಹುದು.